ಪಿಯಾನೋ ಪಕ್ಕದಲ್ಲಿ ಚಕ್ಕಳಮಕ್ಕಳ

ಸಭಾಂಗಣದ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವುದು ಇದು: ನೀವು ಇನ್ನು ಮುಂದೆ ಯಾವ ಕಾರ್ಯಕ್ರಮವನ್ನೂ ಎದುರಿನಿಂದ ನೋಡುವುದಿಲ್ಲ, ಪಕ್ಕದಿಂದ ನೋಡುತ್ತೀರಿ. ಹಾಡುವವರ ಒಂದು ಕಿವಿ ಕಾಣುತ್ತದೆ, ಕುಣಿಯುವವರ ಒಂದು ತೋಳು ಕಾಣುತ್ತದೆ, ಭಾಷಣ ಮಾಡುವ ದೊಡ್ಡವರು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ ಕೈ ನಡುಗುವುದು ಕಾಣುತ್ತದೆ. ಸಭಿಕರಿಗೆ ಕಾಣದ್ದು ನಿಮಗೆ ಕಾಣುತ್ತದೆ. ಸಭಿಕರಿಗೆ ಕಾಣುವುದು ಅನೇಕ ಸಲ ನಿಮಗೆ ಕಾಣುವುದೇ ಇಲ್ಲ. ಇದನ್ನು ಒಪ್ಪಿಕೊಂಡರೆ ಈ ಕೆಲಸ ಒಳ್ಳೆಯದು.

ನಾನು ದಿಲ್ಲಿಯ ಒಂದು ಸರ್ಕಾರಿ ಸಭಾಂಗಣದಲ್ಲಿ ವೇದಿಕೆಯ ಮೇಲ್ವಿಚಾರಕಿಯಾಗಿದ್ದೆ. ಸಭಾಂಗಣದ ಹೆಸರು ಬರೆಯುವುದಿಲ್ಲ. ಪರದೆ, ದೀಪ, ಧ್ವನಿ, ಕುರ್ಚಿ, ಹೂಗುಚ್ಛ, ಕುಡಿಯುವ ನೀರು, ಇವೆಲ್ಲ ನನ್ನ ಜವಾಬ್ದಾರಿ. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎನ್ನುವುದು ಯಾರಿಗೂ ಬೇಡ. ಇಲ್ಲಿ ಇಬ್ಬರ ಬಗ್ಗೆ ಬರೆಯುತ್ತೇನೆ: ಪಿಟೀಲು ನುಡಿಸುವ ಸುಮಿತ್ರಾ, ಪಿಯಾನೋ ನುಡಿಸುವ ವಿಲ್ಫ್ರೆಡ್ ಲೋಬೊ. ಸುಮಿತ್ರಾ ಮೈಸೂರಿನವರು, ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಅಧಿಕಾರಿ. ಲೋಬೊ ಮಂಗಳೂರಿನವರು, ದಿಲ್ಲಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಹಗಲು ಕಚೇರಿ, ಕಾಲೇಜು. ಸಂಜೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ನಮ್ಮ ವೇದಿಕೆಯಲ್ಲಿ ಸುಮಿತ್ರಾಗೆ ಒಂದು ಅಪಘಾತವಾಯಿತು. ಅವರು ಮತ್ತೆ ಜನರ ಮುಂದೆ ಪಿಟೀಲು ನುಡಿಸುತ್ತಾರೋ ಇಲ್ಲವೋ ಎನ್ನುವುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಆ ಕಥೆ ಇದು. ಕಣ್ಣಾರೆ ಕಂಡಿದ್ದನ್ನು ಕಂಡೆ ಎಂದೂ, ಬರೀ ಕೇಳಿಸಿಕೊಂಡಿದ್ದನ್ನು ಕೇಳಿದೆ ಎಂದೂ ಬರೆಯುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಸಭಾಂಗಣಕ್ಕೆ ಹೊಸ ಪಿಯಾನೋ ಬಂತು. ಕರಿಯದು, ದೊಡ್ಡದು, ಮುಚ್ಚಳ ಎತ್ತಿದರೆ ಒಳಗೆ ತಂತಿಗಳೆಲ್ಲ ಕಾಣುವಂಥದ್ದು. ನಮ್ಮ ಉಪನಿರ್ದೇಶಕರು ಖನ್ನಾ ಸಾಹೇಬರು. ಕೆಟ್ಟ ಮನುಷ್ಯರಲ್ಲ, ಆದರೆ ಯಾವುದೇ ಕೆಲಸವನ್ನು ಸದ್ದಿಲ್ಲದೆ ಮಾಡುವುದು ಅವರಿಂದ ಆಗುತ್ತಿರಲಿಲ್ಲ. ಹೊಸ ಪಿಯಾನೋಗೆ ಪೂಜೆಯಾಗಬೇಕು ಎಂದರು. ಪಂಡಿತರು ಬಂದರು. ಪಿಯಾನೋದ ಮೂರು ಕಾಲಿಗೂ ಕೆಂಪು ದಾರ ಕಟ್ಟಿದರು, ಮುಚ್ಚಳಕ್ಕೆ ಕುಂಕುಮದಲ್ಲಿ ಸ್ವಸ್ತಿಕ ಬರೆದರು. ಕೊನೆಗೆ ಎಲ್ಲರ ಕೈಗೂ ಅಕ್ಷತೆ ಕೊಟ್ಟು ಹಾಕಿ ಎಂದರು. ಮುಚ್ಚಳ ತೆರೆದೇ ಇತ್ತು. ಎಲ್ಲರೂ ಭಕ್ತಿಯಿಂದ ಒಳಗೆ ಹಾಕಿದರು.

ಮಾರನೆಯ ದಿನ ಲೋಬೊ ಅಭ್ಯಾಸಕ್ಕೆ ಬಂದು ಕೂತರು. ನಾಲ್ಕು ಸ್ವರದ ಮನೆ ಒತ್ತಿ ಕೈ ತೆಗೆದರು. ತಂತಿಗಳ ನಡುವೆ ಏನೋ ಚರಚರ ಎನ್ನುತ್ತಿತ್ತು.

“ಎಂತ ಮಾರಾಯ್ರೆ ಇದು? ಹೊಸ ಪಿಯಾನೋಗೆ ಇಷ್ಟು ಬೇಗ ನೆಗಡಿಯಾ?” ಎಂದರು.

ಸುಮಿತ್ರಾ ಪಿಟೀಲು ಕೆಳಗಿಟ್ಟು ಪಿಯಾನೋದ ಹೊಟ್ಟೆಯೊಳಗೆ ಬಗ್ಗಿ ನೋಡಿದರು. “ನೆಗಡಿ ಅಲ್ಲ ಲೋಬೊ, ಅಕ್ಕಿ. ಪಲಾವ್ ಆಗೋದರೊಳಗೆ ತೆಗೀಬೇಕು.”

ನಮ್ಮ ಹಿರಿಯ ಕೆಲಸಗಾರ ರಾಮ್‌ಕಿಶನ್, ಅವರು ಹರಿಯಾಣದವರು, ಟಾರ್ಚ್ ಹಿಡಿದರು. ನಾನೂ ಸುಮಿತ್ರಾನೂ ಹುಬ್ಬು ಕೀಳುವ ಚಿಮಟದಿಂದ ಒಂದೊಂದೇ ಕಾಳು ಎತ್ತಿದೆವು. ನಾವು ಮೂವರೂ ಬಗ್ಗಿರುವಾಗ ಖನ್ನಾ ಸಾಹೇಬರು ಬಂದು ಏನು ನಡೆಯುತ್ತಿದೆ ಎಂದು ಕೇಳಿದರು. ಲೋಬೊ ಗಂಭೀರವಾಗಿ ಇಂಗ್ಲಿಷಿನಲ್ಲಿ, ಪ್ರಸಾದ ತೆಗೆಯುತ್ತಿದ್ದೇವೆ ಎಂದರು. ಸಾಹೇಬರು ಒಳ್ಳೆಯದು ಎಂದು ಹೇಳಿ ಹೋದರು.

ಆ ಮೊದಲ ಕಛೇರಿಯಲ್ಲೇ ಇನ್ನೊಂದು ಪ್ರಸಂಗ ನಡೆಯಿತು. ಅವರು ನುಡಿಸುವ ಸೊನಾಟಾದಲ್ಲಿ ಭಾಗಗಳಿರುತ್ತವೆ. ಒಂದು ಭಾಗ ಮುಗಿದಾಗ ಸ್ವಲ್ಪ ಹೊತ್ತು ಮೌನ, ಆಮೇಲೆ ಮುಂದಿನ ಭಾಗ. ಮೌನದಲ್ಲಿ ಚಪ್ಪಾಳೆ ತಟ್ಟಬಾರದು ಎನ್ನುವುದು ಅವರ ಪದ್ಧತಿ. ನಮ್ಮ ಸಭಿಕರು ತಬಲಾದ ಒಂದು ತಿಹಾಯಿಗೆ ‘ವಾಹ್’ ಎನ್ನುವವರು. ಮೊದಲ ಭಾಗ ಮುಗಿಯುತ್ತಲೇ ಸಭಾಂಗಣ ಒಡೆದು ಹೋಗುವಂತೆ ಚಪ್ಪಾಳೆ ಬಿತ್ತು. ಕಾರ್ಯಕ್ರಮ ಮುಗಿಯಿತೆಂದು ತಿಳಿದು ಮುಖ್ಯ ಅತಿಥಿಗಳು ಹೂಗುಚ್ಛ ಹಿಡಿದು ಮೆಟ್ಟಿಲು ಹತ್ತಿಯೇ ಬಿಟ್ಟರು. ಅವರ ಹಿಂದೆ ಖನ್ನಾ ಸಾಹೇಬರು, ಅವರ ಹಿಂದೆ ಛಾಯಾಗ್ರಾಹಕ. ಸುಮಿತ್ರಾ ನಕ್ಕು, ಹೂ ತೆಗೆದುಕೊಂಡು, ಕೈಮುಗಿದು, ಅದನ್ನು ಲೋಬೊ ಅವರ ಬೆಂಚಿನ ತುದಿಯಲ್ಲಿಟ್ಟು, ಪಿಟೀಲನ್ನು ಮತ್ತೆ ಗಲ್ಲದ ಕೆಳಗೆ ಸೇರಿಸಿದರು. ಅತಿಥಿಗಳು ವೇದಿಕೆಯ ಮೇಲೆ ನಿಂತಿರುವಾಗಲೇ ಎರಡನೆಯ ಭಾಗ ಶುರುವಾಯಿತು. ಅವರು ಬೆಕ್ಕಿನಂತೆ ಹೆಜ್ಜೆಯಿಟ್ಟು ಇಳಿದರು.

ಕಾರ್ಯಕ್ರಮ ಮುಗಿಸಿ ಇಬ್ಬರೂ ಒಳಗೆ ಬಂದ ಮೇಲೆ ನಾನು ಲೋಬೊ ಅವರಲ್ಲಿ ಕ್ಷಮೆ ಕೇಳಿದೆ.

“ಅದೆಂತದೂ ಇಲ್ಲ ಬಿಡಿ. ಅವರಿಗೆ ಖುಷಿಯಾಯ್ತಲ್ಲ. ಮುಂದಕ್ಕೆ ನೀವು ನನ್ನ ಕೈ ನೋಡಿ. ನನ್ನ ಕೈ ತೊಡೆ ಮೇಲೆ ಬಂದ್ರೆ ಮುಗೀತು. ಪಿಯಾನೋ ಮೇಲೇ ಇದ್ರೆ ಮುಗ್ದಿಲ್ಲ,” ಎಂದರು.

ಅಂದಿನಿಂದ ನಾನು ಕಲಾವಿದರ ಕೈ ನೋಡುವುದನ್ನು ಕಲಿತೆ. ಕಾರ್ಯಕ್ರಮ ಪಟ್ಟಿಗಿಂತ ಕೈ ನಂಬುವುದು ಮೇಲು.

ಅಪಘಾತವಾದದ್ದು ಕೆಲವು ವರ್ಷಗಳ ನಂತರ, ಒಂದು ಚಳಿಗಾಲದಲ್ಲಿ. ಅಷ್ಟರಲ್ಲಿ ಅವರಿಬ್ಬರೂ ಪ್ರತಿ ಚಳಿಗಾಲ ನಮ್ಮಲ್ಲಿ ನುಡಿಸುವುದು ವಾಡಿಕೆಯಾಗಿತ್ತು. ಆ ಸಲ ಒಬ್ಬ ಮಂತ್ರಿಗಳು ದೀಪ ಬೆಳಗಿಸುವವರಿದ್ದರು. ದೀಪ ಬೆಳಗಿಸುವಾಗ ಇಡೀ ಸಭಾಂಗಣ ಕತ್ತಲಾಗಬೇಕು, ಬತ್ತಿಯ ಬೆಳಕೊಂದೇ ಕಾಣಬೇಕು, ಚಿತ್ರ ಚೆನ್ನಾಗಿ ಬರುತ್ತದೆ ಎನ್ನುವುದು ಖನ್ನಾ ಸಾಹೇಬರ ಯೋಚನೆ. ಹಿಂದಿನ ದಿನ ಸಂಜೆ ಸುಮಿತ್ರಾ, ಲೋಬೊ ಅಭ್ಯಾಸ ಮಾಡುತ್ತಿದ್ದಾಗ ಸಾಹೇಬರು ದೀಪದವರಿಗೆ ಏನೋ ಹೇಳಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾನು ಮುಂದಿನಿಂದ ಮೂರನೆಯ ಸಾಲಿನಲ್ಲಿದ್ದೆ.

ಸುಮಿತ್ರಾ ನುಡಿಸುವುದನ್ನು ನಿಲ್ಲಿಸಿ, ಲೋಬೊ ಅವರಿಗೆ “ನೀವು ಒಬ್ಬರೇ ನುಡಿಸಿ, ಎಷ್ಟು ಜೋರು ಕೇಳತ್ತೆ ನೋಡ್ತೀನಿ” ಎಂದು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಂದರು. ಮುಖ ಪಿಯಾನೋ ಕಡೆಗಿತ್ತು, ಬೆನ್ನು ನನ್ನ ಕಡೆಗೆ. ಅವರು ವೇದಿಕೆಯ ಅಂಚಿನಿಂದ ಎರಡು ಮಾರು ದೂರವಿದ್ದಾಗ ದೀಪಗಳೆಲ್ಲ ಆರಿದವು. ಹಿಂದಿನಿಂದ ಸಾಹೇಬರು “ಬಹುತ್ ಬಢಿಯಾ”, ಬಹಳ ಚೆನ್ನಾಗಿದೆ, ಎಂದದ್ದು ಕೇಳಿಸಿತು. ಲೋಬೊ ಕತ್ತಲಲ್ಲೂ ನುಡಿಸುತ್ತಿದ್ದರು. ನಾನು “ನಿಂತ್ಕೊಳಿ” ಎಂದು ಕನ್ನಡದಲ್ಲಿ ಕೂಗಿದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮರದ ಮೇಲೆ ಏನೋ ಬಿದ್ದ ಶಬ್ದ ಬಂತು. ಆಮೇಲೆ ಅದಕ್ಕಿಂತ ಭಾರವಾದ ಇನ್ನೊಂದು ಶಬ್ದ. ಪಿಯಾನೋ ನಿಂತಿತು.

ದೀಪ ಬಂದಾಗ ಸುಮಿತ್ರಾ ವೇದಿಕೆಯ ಕೆಳಗೆ, ಮೊದಲ ಸಾಲಿನ ಕುರ್ಚಿಗಳ ಕಾಲ ಬಳಿ ಇದ್ದರು. ಕಣ್ಣು ತೆರೆದಿತ್ತು. ಕಮಾನು ಮೇಲೆ ವೇದಿಕೆಯಲ್ಲೇ ಬಿದ್ದಿತ್ತು. ಪಿಟೀಲನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದರು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕೈ ಊರಿಕೊಂಡಿದ್ದರೆ ಪಿಟೀಲು ಒಡೆಯುತ್ತಿತ್ತು. ಊರಲಿಲ್ಲವಾದ್ದರಿಂದ ಕುತ್ತಿಗೆಗೆ ಪೆಟ್ಟಾಯಿತು. ಇದು ವೈದ್ಯರು ಆಮೇಲೆ ಹೇಳಿದ್ದು.

ಮೂರನೆಯ ದಿನ ಖನ್ನಾ ಸಾಹೇಬರು ನನ್ನನ್ನು ಕರೆದರು. ನಾನು ಬರೆದುಕೊಟ್ಟ ಹೇಳಿಕೆ ಅವರ ಮೇಜಿನ ಮೇಲಿತ್ತು.

“ಪದ್ಮಾ ಜೀ, ಕಲಾವಿದೆ ತಾವಾಗಿಯೇ ಅಂಚಿಗೆ ಹೋದರು ಅಂತ ಒಂದು ಸಾಲು ಸೇರಿಸಬಹುದಲ್ಲ? ಅದು ಸುಳ್ಳೇನೂ ಅಲ್ಲ.”

“ಸುಳ್ಳಲ್ಲ ಸರ್. ದೀಪ ಆರಿಸಿ ಅಂತ ಯಾರು ಹೇಳಿದರು ಅನ್ನೋದನ್ನೂ ಆಗ ಬರೆಯಬೇಕಾಗುತ್ತೆ.”

“ಕತ್ತಲಲ್ಲಿ ನಿಮಗೇನು ಕಾಣಿಸಿತು?”

“ಕತ್ತಲಾಗೋ ಮೊದಲು ಅವರು ಎಲ್ಲಿದ್ದರು ಅಂತ ಕಾಣಿಸಿತು. ಬೆಳಕು ಬಂದ ಮೇಲೆ ಎಲ್ಲಿದ್ದರು ಅಂತ ಕಾಣಿಸಿತು. ನಡುವೆ ಎರಡು ಶಬ್ದ ಕೇಳಿಸಿತು. ಅಷ್ಟನ್ನೇ ಬರೆದಿದ್ದೀನಿ ಸರ್.”

ಈ ಸಂಭಾಷಣೆ ಹಿಂದಿಯಲ್ಲಿ ನಡೆಯಿತು. ನನ್ನ ಹಿಂದಿ ಮದುವೆಯಾಗಿ ದಿಲ್ಲಿಗೆ ಬಂದ ಮೇಲೆ ಕಲಿತದ್ದು. ಕೋಪ ಬಂದಾಗ ಲಿಂಗ ವಚನ ಎಲ್ಲ ತಪ್ಪುತ್ತದೆ. ಆ ದಿನ ತಪ್ಪಲಿಲ್ಲ. ಸಾಹೇಬರು ಹಾಳೆಯನ್ನು ಹಾಗೆಯೇ ಮೇಲಕ್ಕೆ ಕಳಿಸಿದರು. ಮುಂದೆ ಏನಾಯಿತು ಎನ್ನುವುದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ನನಗೆ ಗೊತ್ತಿರುವುದು ನಮ್ಮ ಕೆಲಸದಲ್ಲಿ ಏನು ಬದಲಾಯಿತು ಎನ್ನುವುದು. ವೇದಿಕೆಯ ಅಂಚಿನ ಉದ್ದಕ್ಕೂ ಬಿಳಿ ಪಟ್ಟಿ ಅಂಟಿಸಿದೆವು. ದೀಪ ಆರಿಸುವ ಮೊದಲು ಒಬ್ಬರು ಜೋರಾಗಿ ಕೂಗಬೇಕು, ವೇದಿಕೆಯ ಮೇಲಿರುವವರು ಪ್ರತಿಯಾಗಿ ಕೂಗಬೇಕು, ಆಮೇಲೆ ಮಾತ್ರ ಗುಂಡಿಗೆ ಕೈ ಎಂದು ನಿಯಮ ಮಾಡಿದೆವು. “ಬತ್ತಿ ಜಾ ರಹೀ ಹೈ!”, ದೀಪ ಹೋಗುತ್ತಿದೆ, ಎಂದು ರಾಮ್‌ಕಿಶನ್ ಕೂಗಿದರೆ ಹೊರಗೆ ಚಹಾ ಮಾರುವ ಭಯ್ಯಾನಿಗೂ ಕೇಳಿಸುತ್ತಿತ್ತು. ಹೊಸದಾಗಿ ಸೇರಿದವರು ನಗುತ್ತಿದ್ದರು. ಈಗಿನವರಿಗೆ ಕಿವಿಯೊಳಗೆ ಸಿಕ್ಕಿಸುವ ಯಂತ್ರಗಳಿವೆ, ಪಿಸುಮಾತಿನಲ್ಲೇ ಎಲ್ಲ ಆಗುತ್ತದೆ. ಆದರೂ ಕೂಗಿ. ವೇದಿಕೆಯ ಮೇಲಿರುವವರ ಕಿವಿಯಲ್ಲಿ ನಿಮ್ಮ ಯಂತ್ರ ಇರುವುದಿಲ್ಲ.

ಮೊದಮೊದಲು ರಾಮ್‌ಕಿಶನ್ ಕೂಗಿದರೂ, ಕತ್ತಲಾಗುತ್ತಲೇ ಎರಡನೆಯ ಶಬ್ದಕ್ಕಾಗಿ ನನ್ನ ಕಿವಿ ಕಾಯುತ್ತಿತ್ತು. ಬರುತ್ತಿರಲಿಲ್ಲ. ಬೆಳಕು ಬರುತ್ತಿತ್ತು. ಹಾಗೆ ಎಷ್ಟೋ ಕಾರ್ಯಕ್ರಮಗಳು ಕಳೆದವು.

ಸುಮಿತ್ರಾ ಅವರ ಮನೆ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮೊದಲ ಮಹಡಿ. ಒಂದು ವರ್ಷ ಕಳೆದ ಮೇಲೆ ಒಂದು ಭಾನುವಾರ ಹೋದೆ. ಅದಕ್ಕೂ ಮೊದಲು ಆಸ್ಪತ್ರೆಗೆ ಹೋಗಿದ್ದೆ, ಫೋನು ಮಾಡಿದ್ದೆ. ಮನೆಗೆ ಹೋಗಲು ಧೈರ್ಯವಾಗಿರಲಿಲ್ಲ. ಮಾರುಕಟ್ಟೆಯ ನೂಕುನುಗ್ಗಲಲ್ಲಿ ಆಟೋದವನು ಒಳಗೆ ಬರುವುದಿಲ್ಲ ಎಂದು ಅರ್ಧ ದಾರಿಯಲ್ಲೇ ಇಳಿಸಿ ಹೋದ. ಬಾಗಿಲು ತೆರೆದವಳು ಅವರ ಮಗಳು ನಿಧಿ, ಕಾಲೇಜು ಓದುವ ಹುಡುಗಿ. ಒಳಗಿನಿಂದ ಜಗಳದ ಸದ್ದು.

“ಆಂಟಿ, ಗಾಬರಿ ಆಗ್ಬೇಡಿ,” ಎಂದಳು. “ಲೋಬೊ ಅಂಕಲ್ ಔರ್ ಅಮ್ಮಾ. ಹರ್ ಸಂಡೇ ಕಾ ಹೈ.” ಪ್ರತಿ ಭಾನುವಾರ ಇದ್ದದ್ದೇ ಎಂದು.

ಊಟದ ಮೇಜಿನ ಮೇಲೆ ಲೋಬೊ ಒಂದು ಪುಟ್ಟ ಕೀಬೋರ್ಡ್ ಹರಡಿ ಕೂತಿದ್ದರು. ಸುಮಿತ್ರಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನನ್ನ ಕಡೆ ನೋಡಲು ಕುತ್ತಿಗೆ ತಿರುಗಿಸಲಿಲ್ಲ, ಇಡೀ ಮೈ ತಿರುಗಿಸಿದರು. ಕುತ್ತಿಗೆಯ ಮೂಳೆ ಕೂಡಿತ್ತು, ಕಚೇರಿಗೂ ಹೋಗುತ್ತಿದ್ದರು. ಆದರೆ ಎಡಕ್ಕೆ ತಿರುಗಿ ಗಲ್ಲದ ಕೆಳಗೆ ಪಿಟೀಲು ಒತ್ತಿ ಹಿಡಿಯುವುದು ಇನ್ನು ಆಗದು ಎಂದು ವೈದ್ಯರು ಹೇಳಿದ್ದರು. ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲಿತ್ತು.

“ಬಂದ್ರಾ ಪದ್ಮಾ, ನೀವೇ ಹೇಳಿ ಇವರಿಗೆ. ವಾರವಾರ ಬಂದು ನನ್ನ ತಲೆ ತಿಂತಾರೆ,” ಎಂದರು ಸುಮಿತ್ರಾ.

“ನಾನು ಹೇಳುದು ಇಷ್ಟೇ,” ಎಂದರು ಲೋಬೊ, ನನ್ನ ಕಡೆ ತಿರುಗಿ. “ಇವರು ಸಣ್ಣದಿರುವಾಗ ಮೈಸೂರಲ್ಲಿ ಸೋದರತ್ತೆ ಹತ್ರ ಕರ್ನಾಟಕ ಪಿಟೀಲು ಕಲ್ತಿದ್ದಾರೆ. ನೆಲದ ಮೇಲೆ ಕೂತು, ಪಿಟೀಲಿನ ತುದಿ ಕಾಲ ಮೇಲಿಟ್ಟು. ಅದಕ್ಕೆ ಗಲ್ಲ ಬೇಕಾ? ಬೇಡ. ಕುತ್ತಿಗೆ ತಿರುಗಿಸ್ಬೇಕಾ? ಬೇಡ. ಮತ್ತೆಂತ ತೊಂದರೆ?”

“ಅದು ಬೇರೆ ಸಂಗೀತ ಕಣ್ರೀ! ಕೈ ಬೇರೆ, ಕಮಾನು ಬೇರೆ. ಹದಿಮೂರನೇ ವಯಸ್ಸಿಗೆ ದಿಲ್ಲಿಗೆ ಬಂದು ಕಾನ್ವೆಂಟಿನ ಸಿಸ್ಟರ್ ಹತ್ರ ನಿಂತು ನುಡಿಸೋಕೆ ಕಲಿತ ಮೇಲೆ ಅದನ್ನ ಬಿಟ್ಟೇ ಬಿಟ್ಟೆ. ಪಿಯಾನೋ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರೆ ನೋಡಿದವರು ಏನಂತಾರೆ?”

“ಎಂತ ಹೇಳ್ತಾರೆ? ಊಟಕ್ಕೆ ಕೂತಿದ್ದಾರೆ ಹೇಳ್ತಾರೆ. ಹೇಳ್ಲಿ.”

ಸುಮಿತ್ರಾ ನಗಲಿಲ್ಲ. ಮೆಲ್ಲಗೆ ಹೇಳಿದರು: “ನುಡಿಸೋಕೆ ಆಗಲ್ಲ ಅಂತ ಅಲ್ಲ, ಲೋಬೊ. ಮನೇಲಿ ಕೂತು ಹೇಗೋ ನುಡಿಸಬಹುದು. ಜನರ ಮುಂದೆ ಕೂತು, ಮೊದಲಿನ ಹಾಗೆ ಬರಲಿಲ್ಲ ಅಂದರೆ, ಆಮೇಲೆ ಮನೇಲೂ ನುಡಿಸಲ್ಲ ನಾನು. ಅಷ್ಟೇ.”

ಲೋಬೊ ಕೀಬೋರ್ಡಿನ ವೈರು ಸುತ್ತಿದರು. ಹೊರಡುವಾಗ ಅವರೇ ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ ನೆಲದ ಮೇಲಿಟ್ಟರು. “ಮೇಲೆ ಇದ್ರೆ ನಿಮಗೆ ಎತ್ತಿ ತೆಗೀಲಿಕ್ಕೆ ಕಷ್ಟ,” ಎಂದಷ್ಟೇ ಹೇಳಿದರು. ಸುಮಿತ್ರಾ ಅದನ್ನು ಮತ್ತೆ ಮೇಲಿಡಿ ಎಂದು ಹೇಳಲಿಲ್ಲ. ಇಷ್ಟನ್ನು ನಾನು ಕಂಡೆ.

ಆ ನಂತರದ್ದು ನಿಧಿ ಹೇಳಿ ಕೇಳಿದ್ದು. ಒಂದು ತಿಂಗಳು ಪೆಟ್ಟಿಗೆ ನೆಲದ ಮೇಲೇ ಇತ್ತಂತೆ. ಆಮೇಲೆ ಒಂದು ಬೆಳಿಗ್ಗೆ ಅಮ್ಮ ಜಮಖಾನ ಹಾಸಿಕೊಂಡು ಕೂತು ಸರಳೆ ವರಸೆ ನುಡಿಸುತ್ತಿದ್ದರಂತೆ, ಎಳೆ ಮಕ್ಕಳು ನುಡಿಸುವ ಹಾಗೆ. ಮರುವರ್ಷದ ಚಳಿಗಾಲದ ಹೊತ್ತಿಗೆ ಲೋಬೊ ನನ್ನ ಕಚೇರಿಗೆ ಬಂದು, ಸಭಾಂಗಣದಲ್ಲಿ ಒಂದು ಸಂಜೆ ಬೇಕು ಎಂದರು. ಕಡತ ಖನ್ನಾ ಸಾಹೇಬರ ಬಳಿ ಹೋಯಿತು. ಅವರು ಸಹಿ ಮಾಡಿ, ಪೆನ್ನು ಮುಚ್ಚಿ, “ಇಸ್ ಬಾರ್ ದೀಪ್ ರೆಹನೇ ದೀಜಿಯೇ,” ಎಂದರು. ಈ ಸಲ ದೀಪ ಬೆಳಗಿಸುವುದು ಬೇಡ ಎಂದು.

ವೇದಿಕೆಯಲ್ಲಿ ಅಭ್ಯಾಸಕ್ಕೆಂದು ಬಂದ ದಿನ ಸುಮಿತ್ರಾ ಪಕ್ಕದ ಬಾಗಿಲಲ್ಲಿ ನಿಂತುಬಿಟ್ಟರು. ನಾನೇ ಕೈ ಹಿಡಿದು ಕರೆದುಕೊಂಡು ಹೋಗಬೇಕೇ ಬೇಡವೇ ಎಂದು ಯೋಚಿಸುತ್ತಿದ್ದೆ. ರಾಮ್‌ಕಿಶನ್ ಬಿಳಿ ಪಟ್ಟಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ತೋರಿಸಿ, “ಮೇಡಂ ಜೀ, ಇಲ್ಲಿಂದ ಆಚೆಗೆ ಹರಿಯಾಣ, ಹೋಗಬೇಡಿ” ಎಂದು ಹಿಂದಿಯಲ್ಲಿ ಹೇಳಿದರು. ಸುಮಿತ್ರಾ ನಕ್ಕು ಒಳಗೆ ಬಂದರು.

ಹಿಂದೂಸ್ತಾನಿ ಗಾಯಕರು ಕೂರುವ ಮರದ ಮಂಚ ನಮ್ಮಲ್ಲಿತ್ತು. ಪಿಟೀಲು ನುಡಿಸುವವರು ಎಂದಿನಂತೆ ನಿಲ್ಲುವ ಜಾಗದಲ್ಲಿ, ಪಿಯಾನೋದ ಡೊಂಕಿನ ಮುಂದೆ, ಅದನ್ನು ಹಾಕಿಸಿದ್ದೆ. ಸುಮಿತ್ರಾ ಕೂತರು. ಕೂತ ಮೇಲೆ ಗೊತ್ತಾಯಿತು: ಲೋಬೊ ಅವರಿಗೆ ಪಿಯಾನೋದ ಮರದ ಆಚೆ ಸುಮಿತ್ರಾ ಅವರ ತುರುಬು ಮಾತ್ರ ಕಾಣುತ್ತಿತ್ತು.

ಇದು ಯಾಕೆ ದೊಡ್ಡ ತೊಂದರೆ ಎಂದು ಹೇಳಬೇಕು. ಇಬ್ಬರು ಒಂದೇ ಕ್ಷಣದಲ್ಲಿ ಶುರು ಮಾಡಬೇಕು. ಅವರಿಗೆ ತಾಳ ಹಾಕುವವರಿಲ್ಲ, ತಂಬೂರಿಯಿಲ್ಲ. ಮೊದಲಾದರೆ ಸುಮಿತ್ರಾ ಪಿಟೀಲಿನ ಕತ್ತನ್ನು ಕೂದಲೆಳೆಯಷ್ಟು ಮೇಲೆತ್ತಿ ಇಳಿಸುತ್ತಿದ್ದರು; ಆ ಇಳಿತಕ್ಕೆ ಇಬ್ಬರ ಸ್ವರವೂ ಒಟ್ಟಿಗೆ ಬೀಳುತ್ತಿತ್ತು. ಈಗ ಪಿಟೀಲಿನ ತುದಿ ಹಿಮ್ಮಡಿಯ ಮೇಲೆ ಕೂತಿದೆ, ಎತ್ತುವ ಹಾಗಿಲ್ಲ. ತಲೆ ಆಡಿಸುವ ಹಾಗೂ ಇಲ್ಲ.

ಶುರು ಮಾಡಿದರು, ಪಿಯಾನೋ ಮುಂದೆ ಹೋಯಿತು. ಮತ್ತೆ ಮಾಡಿದರು, ಪಿಟೀಲು ಮುಂದೆ ಹೋಯಿತು. ಮತ್ತೆ, ಮತ್ತೆ. ನಾನು ಮಂಚದ ಮೇಲೆ ಇನ್ನೊಂದು ಮಂಚ ಪೇರಿಸಿ ಎತ್ತರಿಸೋಣವೇ ಎಂದು ಬಾಯಿ ತೆರೆದೆ. ಆ ಎತ್ತರದ ಅಂಚಿನಲ್ಲಿ ಅವರನ್ನು ಕೂರಿಸುವುದನ್ನು ನೆನೆದು ಬಾಯಿ ಮುಚ್ಚಿದೆ.

“ಸಾಕು,” ಎಂದರು ಸುಮಿತ್ರಾ. ಕಮಾನನ್ನು ಕೆಳಗಿಟ್ಟರು. “ಸಾಕು ಲೋಬೊ. ಶುರು ಮಾಡೋಕೇ ಆಗದವರು ಏನು ಕಛೇರಿ ಮಾಡೋದು? ಪದ್ಮಾ, ಹೇಳಿಕಳಿಸಿ, ಕಾರ್ಯಕ್ರಮ ಇಲ್ಲ ಅಂತ.”

ಮಂಚದಿಂದಿಳಿದು ಲೋಬೊ ಅವರ ಬಳಿ ಹೋದರು. ನಿಂತು ಜಗಳವಾಡಲು ಹೋದವರು. ಎಡಗಾಲು ಜೋಮು ಹಿಡಿದು, ಅವರ ಬೆಂಚಿನ ಬಲಗಡೆ ನೆಲದ ಮೇಲೆ ಕುಸಿದು ಕೂತರು. ಕೂತೇ ಬೈದರು. “ಎಲ್ಲ ನಿಮ್ಮಿಂದ. ಪೆಟ್ಟಿಗೆ ಮೇಲಿದ್ದರೆ ನಿಮಗೇನು ಕಷ್ಟವಾಗಿತ್ತು? ಹೇಳಿ.” ಕಣ್ಣಲ್ಲಿ ನೀರಿತ್ತು. ಉಸಿರು ಜೋರಾಗಿ ಬರುತ್ತಿತ್ತು.

ಲೋಬೊ ಅವರನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: “ಸುಮಿತ್ರಾ, ಅಲ್ಲೇ ಕೂತ್ಕೊಳ್ಳಿ. ಏಳ್ಬೇಡಿ. ಇನ್ನೊಂದು ಸಲ ಉಸಿರು ತೆಗೀರಿ.”

“ಏನು?”

“ಉಸಿರು. ನಿಮ್ಮ ಉಸಿರು ಕೇಳ್ತದೆ ಇಲ್ಲಿಗೆ. ಭುಜ ಕಾಣ್ತದೆ. ನಮ್ಮ ನಡುವೆ ಪಿಯಾನೋ ಇಲ್ಲ ಈಗ.”

ರಾಮ್‌ಕಿಶನ್ ಪಿಟೀಲು ತಂದುಕೊಟ್ಟರು. ಸುಮಿತ್ರಾ ಅದನ್ನು ಎದೆಗೂ ಹಿಮ್ಮಡಿಗೂ ನಡುವೆ ಕೂರಿಸಿ, ಕಮಾನು ತಂತಿಯ ಮೇಲಿಟ್ಟು, ಉಸಿರೆಳೆದರು. ಆ ಉಸಿರಿನ ತುದಿಯಲ್ಲಿ ಎರಡು ವಾದ್ಯಗಳೂ ಒಂದೇ ಬಾಗಿಲಿನಿಂದ ಬಂದ ಹಾಗೆ ಬಂದವು.

ಬೆಂಚಿನ ಬಲಗಡೆ ಮಂಚ ಹಾಕಲು ಜಾಗ ಬೇಕಿತ್ತು, ಆ ಸಂಜೆಯೇ ಪಿಯಾನೋವನ್ನು ಹಿಂದಕ್ಕೆ ತಳ್ಳಿದೆವು. ಅದು ಇರಬೇಕಾದ ಜಾಗಕ್ಕೆ ನೆಲದಲ್ಲಿ ಗುರುತು ಹೊಡೆದಿತ್ತು, ಅಲ್ಲಿಂದ ಅದನ್ನು ಯಾರೂ ಕದಲಿಸಿರಲಿಲ್ಲ. ಹಿಂದಕ್ಕೆ ಹೋದರೆ ಸದ್ದು ಮಂಕಾಗುತ್ತದೆ ಎಂದು ಲೋಬೊ, ದೀಪಗಳನ್ನೆಲ್ಲ ಮತ್ತೆ ತಿರುಗಿಸಬೇಕು ಎಂದು ರಾಮ್‌ಕಿಶನ್. ತಿರುಗಿಸಿದೆವು. ಪಿಯಾನೋ ಹಿಂದೆ ಹೋದಷ್ಟೂ ಸುಮಿತ್ರಾ ಅಂಚಿನಿಂದ ದೂರವಾಗುತ್ತಿದ್ದರು. ನಾನು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ತಳ್ಳಿಸುತ್ತಲೇ ಇದ್ದೆ.

“ಇನ್ನೂ ತಳ್ಳಿದ್ರೆ ನಾನು ಹಿಂದಿನ ರಸ್ತೆಯಲ್ಲಿ ನುಡಿಸ್ಬೇಕಾಗ್ತದೆ,” ಎಂದರು ಲೋಬೊ.

ಕಛೇರಿಯ ದಿನ ಹೊರಗೆ ಮಂಜು ಕವಿದಿತ್ತು. ಜನ ಶಾಲು ಹೊದ್ದು ಬಂದರು, ಅರ್ಧಕ್ಕಿಂತ ಹೆಚ್ಚು ಕುರ್ಚಿ ತುಂಬಿತು. ಖನ್ನಾ ಸಾಹೇಬರು ಯಾರ ಜೊತೆಯೂ ಮಾತಾಡದೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರದೆ ಎತ್ತಿದಾಗ ಸಭಿಕರಲ್ಲಿ ಗುಸುಗುಸು ಎದ್ದಿತು. ಕರಿಯ ಕೋಟು ತೊಟ್ಟ ಪಿಯಾನೋದವರು. ಅವರ ಮೊಣಕಾಲಿನ ಪಕ್ಕ, ತಗ್ಗಾದ ಮಂಚದ ಮೇಲೆ ರೇಷ್ಮೆ ಸೀರೆಯುಟ್ಟು ನೆಲದ ಕಛೇರಿಗೆ ಕೂತಂತೆ ಕೂತ ಪಿಟೀಲಿನವರು. ಮುಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ನಕ್ಕದ್ದು ನನಗೆ ಕೇಳಿಸಿತು. ಸುಮಿತ್ರಾಗೂ ಕೇಳಿಸಿರಬೇಕು. ಅವರು ಉಸಿರೆಳೆದರು.

ಮೊದಲ ಭಾಗ ಚೆನ್ನಾಗಿ ಬಂತು. ಮೊದಲಿನ ಹಾಗೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಅವರ ಪಿಟೀಲಿನ ದನಿ ಎದುರಿಗೆ ಹಾರಿ ಬರುತ್ತಿತ್ತು. ಈಗ ನಿಧಾನವಾಗಿ ಮೇಲೇಳುತ್ತಿತ್ತು. ಬೇಗದ ಕಡೆಗಳಲ್ಲಿ ಕಮಾನು ಒಂದೆರಡು ಸಲ ತೊಡರಿತು. ಉದ್ದದ ಸ್ವರಗಳಲ್ಲಿ ಮಾತ್ರ ನಾನು ಹಿಂದೆ ಕೇಳದ ಏನೋ ಇತ್ತು.

ಎರಡನೆಯ ಭಾಗ ಬಹಳ ನಿಧಾನದ್ದು. ಅದರ ನಡುವೆ ಪಿಟೀಲಿನ ತುದಿ ರೇಷ್ಮೆಯ ಅಂಚಿನ ಮೇಲೆ ಜಾರಿತು. ನಾನು ಕಂಡೆ: ತುದಿ ಹಿಮ್ಮಡಿಯಿಂದ ಕೆಳಗಿಳಿಯಿತು, ಸುಮಿತ್ರಾ ಎರಡೂ ಕೈಯಿಂದ ಪಿಟೀಲು ಹಿಡಿದುಕೊಂಡರು, ಸ್ವರ ನಿಂತಿತು. ನನ್ನ ಕೈ ಪರದೆಯ ಹಗ್ಗದ ಮೇಲಿತ್ತು. ಹಗ್ಗ ಎಳೆದರೆ ಪರದೆ ಬೀಳುತ್ತದೆ, ಅವರಿಗೆ ಮರೆಯಾಗುತ್ತದೆ, ಯಾರೂ ನೋಡುವುದಿಲ್ಲ. ಹಾಗೆ ಮಾಡಿದರೆ ಅವರು ಮನೆಯಲ್ಲೂ ಮತ್ತೆ ನುಡಿಸುವುದಿಲ್ಲ.

ಲೋಬೊ ನಿಲ್ಲಿಸಲಿಲ್ಲ. ಆಗಷ್ಟೇ ನುಡಿಸಿದ್ದ ಸಾಲನ್ನೇ ಇನ್ನೊಮ್ಮೆ, ಇನ್ನೂ ಮೆಲ್ಲಗೆ ನುಡಿಸಿದರು. ಮತ್ತೆ ಅದನ್ನೇ ನುಡಿಸಿದರು. ಸಂಯೋಜಕರು ಹಾಗೆಯೇ ಬರೆದಿದ್ದಾರೇನೋ ಎನ್ನುವಂತೆ. ಅವರು ಪರದೆಯ ಕಡೆಗೆ ನೋಡಲಿಲ್ಲ, ನನ್ನ ಕಡೆಗೆ ನೋಡಲಿಲ್ಲ. ಲೋಬೊ ನೋಡುತ್ತಿದ್ದುದು ಸುಮಿತ್ರಾ ಅವರ ಭುಜವನ್ನೇ. ನಾನು ಹಗ್ಗದಿಂದ ಕೈ ತೆಗೆದೆ. ಹೊಸಬರಿಗೆ ಹೇಳುತ್ತೇನೆ: ವೇದಿಕೆಯ ಮೇಲಿರುವವರು ನಿಮ್ಮ ಕಡೆ ನೋಡುವವರೆಗೆ ಅವರನ್ನು ಕಾಪಾಡಲು ಹೋಗಬೇಡಿ.

ಸುಮಿತ್ರಾ ಸೀರೆಯ ಅಂಚನ್ನು ಸರಿಸಿದರು. ಬರಿಗಾಲ ಮೇಲೆ ಪಿಟೀಲಿನ ತುದಿಯನ್ನಿಟ್ಟು, ಅಲುಗಿಸಿ ನೋಡಿದರು. ಲೋಬೊ ಅದೇ ಸಾಲನ್ನು ಇನ್ನೊಮ್ಮೆ ತಂದರು. ಭುಜ ಮೇಲೆದ್ದಿತು. ಪಿಟೀಲು ಬಂತು.

ಕೊನೆಯದಾದ ನಾಲ್ಕನೆಯ ಭಾಗ ಮುಗಿದಾಗ ಲೋಬೊ ಅವರ ಕೈ ತೊಡೆಯ ಮೇಲೆ ಬಂತು. ಚಪ್ಪಾಳೆ ಶುರುವಾಯಿತು, ಮುಂದಿನ ಸಾಲು ಎದ್ದು ನಿಂತಿತು, ಅದರ ಹಿಂದಿನದು, ಆಮೇಲೆ ಎಲ್ಲರೂ. ಲೋಬೊ ಎದ್ದು ಬಗ್ಗಿ ನಮಸ್ಕರಿಸಿದರು. ಸುಮಿತ್ರಾ ಏಳಲಿಲ್ಲ. ಒಂದು ಕೈಯೂರಿ ಎದ್ದೇಳಲು ನೋಡಿದರು, ಮತ್ತೆ ಕೂತರು. ಸಭಿಕರು ಚಪ್ಪಾಳೆ ನಿಲ್ಲಿಸದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುತ್ತಿಗೆಗೆ ಏನೋ ಆಯಿತು ಎಂದುಕೊಂಡು ನಾನು ಅರ್ಧ ವೇದಿಕೆಯವರೆಗೆ ಓಡಿಹೋದೆ. ನನ್ನ ಇಡೀ ವೃತ್ತಿಯಲ್ಲಿ ಬೆಳಕಿದ್ದಾಗ ಸಭಿಕರ ಮುಂದೆ ವೇದಿಕೆಯ ಮೇಲೆ ಹೋದದ್ದು ಅದೊಂದೇ ಸಲ.

“ಏನಾಯ್ತು ಸುಮಿತ್ರಾ?”

ಅವರು ಕೈಮುಗಿದುಕೊಂಡೇ, ಸಭಿಕರ ಕಡೆ ನಗುತ್ತಲೇ, ತುಟಿ ಅಲುಗಿಸದೆ ಹೇಳಿದರು: “ಎರಡೂ ಕಾಲು ಜೋಮು ಹಿಡಿದಿದೆ ಕಣ್ರೀ. ಏಳೋಕೆ ಆಗ್ತಿಲ್ಲ.”

ಲೋಬೊ ಕೇಳಿಸಿಕೊಂಡರು. ಕರಿಯ ಕೋಟಿನ ಗುಂಡಿ ಬಿಚ್ಚಿ, ಮಂಚದ ಮೇಲೆ ಅವರ ಪಕ್ಕ ಹೋಗಿ ಚಕ್ಕಳಮಕ್ಕಳ ಹಾಕಿ ಕೂತು, ತಾವೂ ಕೈಮುಗಿದರು. ಸಭಾಂಗಣ ನಕ್ಕಿತು, ಚಪ್ಪಾಳೆ ಮತ್ತಷ್ಟು ಜೋರಾಯಿತು. ಇಬ್ಬರೂ ಕೂತೇ ಸಭಿಕರಿಗೆ ನಮಸ್ಕಾರ ಮಾಡಿದರು. ನಾನು ನಡುವೆ ನಿಂತಿದ್ದೆ, ಎತ್ತ ಹೋಗುವುದೆಂದು ತಿಳಿಯದೆ.

“ಪದ್ಮಾ, ಈ ಮಂಚ ಕಲ್ಲಿನ ಹಾಗಿದೆ,” ಎಂದರು ಸುಮಿತ್ರಾ, ಕೈಮುಗಿದುಕೊಂಡೇ. “ಮುಂದಿನ ಸಲ ದಪ್ಪದ ಜಮಖಾನ ಹಾಕ್ಸಿ.”